ಪುದೀನ ವಾಸನೆ

ಮೂಸಿದ್ದು ಮೊದಲು, ನೋಡಿದ್ದು ಆಮೇಲೆ.
ಗಾಜಿನ ಮೇಜಿನ ಮೇಲೆ ಅವಳಿಟ್ಟ ಲೆನ್ಸು
ಹಲ್ಲುಜ್ಜಿಕೊಂಡು ಬಂದ ಮಗುವಿನ ಹಾಗೆ
ಪುದೀನ ಘಮಗುಡುತ್ತಿತ್ತು.

"ಪೇಸ್ಟಾ?" ಅಂದೆ.
"ಮೊದಲು ಪೇಸ್ಟು. ಹೋಗಲಿಲ್ಲ. ಆಮೇಲೆ ಸ್ವಲ್ಪ ಸೋಡಾಪುಡಿ."

ಚೌಕಿಪೇಟೆಯ ಪಾತ್ರೆ ಅಂಗಡಿ ಹಾಲಸ್ವಾಮಿಯ ಮಗಳು ನೀಲವೇಣಿ,
ಭಾನುವಾರ ಕೊಂಡಜ್ಜಿ ಕೆರೆಯ ದಂಡೆಯಲ್ಲಿ
ಬೋರಲು ಮಲಗಿ ಬಾತುಕೋಳಿಗೆ ಕಾಯುವವಳು.
ಅವರ ಮನೆಯಲ್ಲಿ ತಿಕ್ಕಿದ್ದೆಲ್ಲ ಹೊಳೆದಿದೆ ಮೂರು ತಲೆಮಾರು:
ಹಂಡೆ, ಕೊಳಗ, ಮದುವೆಗೆ ಬಾಡಿಗೆ ಹೋಗುವ ಕಡಾಯಿ.
ಹೊಳೆಯದಿದ್ದರೆ ಇನ್ನೂ ಸ್ವಲ್ಪ ತಿಕ್ಕು,
ಅದೊಂದೇ ಅವರ ಶಾಸ್ತ್ರ.

ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ತೋರಿಸಿದೆ.
ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ ಆ ತೆಳುಪೊರೆ
ನಡುವೆ ಹರಿದು ಬಿಳಿಚಿಕೊಂಡಿತ್ತು.
ಸಾವಿರ ಗೆರೆ, ಕೂದಲಿಗಿಂತ ಸಣ್ಣವು,
ಸುತ್ತಿ ಸುತ್ತಿ, ಅವಳ ಬೆರಳು ಹೋದ ದಾರಿಯೆಲ್ಲ.
"ಮತ್ತೆ ಆ ಚುಕ್ಕೆ?"
ಚುಕ್ಕೆ ಅಲ್ಲೇ ಇತ್ತು.
ಬೂಷ್ಟು, ಜೇಡನ ಮರಿಯಂತೆ ಕಾಲು ಚಾಚಿ,
ಗಾಜಿನ ಒಳಮಗ್ಗುಲಲ್ಲಿ, ಆರಾಮಾಗಿ.
ಪಾಪ, ಪಕ್ಕದ ಮನೆಯ ಬಾಗಿಲು ಬಡಿದು ಬಡಿದು ಮುರಿದಿದ್ದಳು.

ನಗಬೇಕಿತ್ತು. ನಗಲಿಲ್ಲ ನಾನು.

ಹದಿನಾಲ್ಕನೇ ವಯಸ್ಸು. ಮಂಡಿಪೇಟೆ. ಖಟಾವಕರ್ ಮಾಮಾನ ಸ್ಟುಡಿಯೋ.
ನೆಲ ಗುಡಿಸುವುದು, ಪರದೆ ಕೊಡವುವುದು, ಚಹಾ ತರುವುದು.
ದೊಡ್ಡ ಕ್ಯಾಮೆರಾದ ಕಣ್ಣಿಗೆ ಹೆಬ್ಬೆರಳಿನ ಎಣ್ಣೆ ಅಂಟಿತ್ತು,
ನನ್ನದೇ, ಮಿರ್ಚಿ ತಿಂದ ಕೈ.
ಮಾಮಾ ಊಟಕ್ಕೆ ಹೋದ ಹೊತ್ತಲ್ಲಿ
ಅವ್ವನ ವಿದ್ಯೆ ನೆನಪಾಯಿತು:
ಒಲೆಯ ಬೂದಿ, ಜರಡಿ ಹಿಡಿದದ್ದು, ಒದ್ದೆ ಬಟ್ಟೆ.
ನಮ್ಮ ಮಾತಲ್ಲಿ ಬೆಳಗುವುದೆಂದರೆ ಎರಡೂ ಹೌದು,
ದೀಪವನ್ನೂ, ತಂಬಿಗೆಯನ್ನೂ.
ನಾನು ಕ್ಯಾಮೆರಾ ಬೆಳಗಿದೆ.

ಸಂಜೆ ಹತ್ತಿ ಮಂಡಿಯ ಅಂದಾನಪ್ಪನವರ ಮನೆಮಂದಿ, ಹನ್ನೊಂದು ಜನ.
ಪ್ರಿಂಟು ಹಾಕಿದರೆ ಎಲ್ಲರೂ ಮಂಜಿನಲ್ಲಿ ನಿಂತಿದ್ದಾರೆ.
ಏಪ್ರಿಲ್ಲಿನಲ್ಲಿ, ದಾವಣಗೆರೆಯಲ್ಲಿ, ಮಂಜು!
ಹೊಸ ಸೊಸೆಯ ಮೂಗುಬೊಟ್ಟು ಲಾಂದ್ರದಂತೆ ಹರಡಿ
ಮೂಗೇ ಕಾಣಲಿಲ್ಲ.

ಮಾಮಾ ಹೊಡೆಯಲಿಲ್ಲ.
"ಲೇ, ಕೊಳೆ ಇದ್ರೂ ಅದು ನೋಡ್ತಿತ್ತಲ್ಲೋ" ಅಂದ, ಅಷ್ಟೇ.
ಆ ತಿಂಗಳ ಸಂಬಳವನ್ನೂ ಕೊಟ್ಟ, ಪೂರ್ತಿ.
ಅದು ಇನ್ನೂ ಉರಿಯುತ್ತದೆ.

ನೀಲವೇಣಿಗೆ ಇದೆಲ್ಲ ಹೇಳಲಿಲ್ಲ.
ಹೇಳಿದ್ದು ಅಂಗಡಿಯ ಪಾಠ:
ಮೊದಲು ಗಾಳಿ ಊದು, ಬಾಯಿಂದಲ್ಲ, ಈ ರಬ್ಬರ್ ಬುರುಡೆಯಿಂದ;
ಧೂಳಲ್ಲಿ ಮರಳಿದೆ, ಮರಳಿಗೆ ಹಲ್ಲಿದೆ.
ಆಮೇಲೆ ಕುಂಚ. ಬಟ್ಟೆ ಕೊನೆಗೆ, ಒತ್ತದೆ,
ಮಲಗಿದ ಕೂಸಿನ ಕಣ್ಣಿನ ಪಿಸುರು ತೆಗೆದ ಹಾಗೆ.

"ಈಗ ಇದಕ್ಕೇನು ಮಾಡೋದು?"
"ಏನೂ ಇಲ್ಲ."
"ಇನ್ನೂ ಸ್ವಲ್ಪ ಪಾಲಿಶ್..." ಎಂದವಳು
ನನ್ನ ಮುಖ ನೋಡಿ ನಿಲ್ಲಿಸಿದಳು.
ಬುರುಡೆಗೆ ನೂರಿಪ್ಪತ್ತು ಎಣಿಸಿ ಕೊಟ್ಟಳು.
ಲೆನ್ಸನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದಳು.
ಡಬ್ಬಿಯ ಮೈಯಲ್ಲಿ ಇಡೀ ಅಂಗಡಿ, ಫ್ಯಾನು, ನಾನು,
ಎಲ್ಲ ಸ್ಪಷ್ಟವಾಗಿ ಕಂಡೆವು.

ರಾತ್ರಿ ಉಂಡ ಮೇಲೆ
ಕೊಟ್ರಮ್ಮ ನನ್ನ ಕನ್ನಡಕ ಕಿತ್ತುಕೊಂಡಳು:
"ಎಷ್ಟು ಹೊಲಸಾಗೈತಿ! ಹೆಂಗ್ ಕಾಣ್ತೈತಿ ನಿಮಗೆ?"
ಸೆರಗಿನ ಮೂಲೆ. ಅದಕ್ಕೆ ಬೆಳಿಗ್ಗೆಯಿಂದ ಅಂಟಿದ
ಜೋಳದ ಹಿಟ್ಟು, ಅಂಗಳದ ಮಣ್ಣು, ರಂಗೋಲಿ.
ಹಾ ಎಂದು ಉಸಿರು ಬಿಟ್ಟು ತಿಕ್ಕಿದಳು,
ಬೆಳಕಿಗೆ ಹಿಡಿದಳು, ಮತ್ತೆ ತಿಕ್ಕಿದಳು.

ನಲವತ್ತು ವರ್ಷದ ಕಸುಬು ನನ್ನದು.
ಬಾಯಿ ತೆರೆಯಲಿಲ್ಲ.
ಮೂಗಿನ ಮೇಲೆ ಅವಳೇ ಏರಿಸಿ, "ಈಗ?" ಅಂದಳು.

ಕಿಟಕಿಯಾಚೆ ಬೀದಿದೀಪದ ಸುತ್ತ ಸಣ್ಣದೊಂದು ಪ್ರಭೆ.
"ಚಲೋ ಕಾಣ್ತೈತಿ" ಅಂದೆ.